ಸಾಧಾರಣ ಕಾದಂಬರಿಗೆ ಊರೆಲ್ಲ ಏಕೆ ಅಳುತ್ತದೆ?

ನವನಗರದ ಓದುಗ, ಬಾಗಲಕೋಟೆ

ಕಳೆದ ಭಾನುವಾರ ಊಟವಾದ ಮೇಲೆ ಮನೆಮಂದಿಯೆಲ್ಲ ಕುಳಿತು ಟಿವಿಯಲ್ಲಿ ಒಂದು ಹಳೆಯ ಸಿನಿಮಾ ನೋಡಿದೆವು. ಎಂಬತ್ತರ ದಶಕದ್ದು, ಕಾದಂಬರಿ ಆಧಾರಿತ. ಹೆಸರು ಹೇಳುವುದಿಲ್ಲ. ಹೇಳಿದರೆ ಚರ್ಚೆ ಆ ಒಂದೇ ಪುಸ್ತಕದ ಸುತ್ತ ಗಾಣದ ಎತ್ತಿನಂತೆ ತಿರುಗುತ್ತದೆ. ಕತೆ ಇಷ್ಟು: ಬಡವರ ಮನೆಯ ಜಾಣ ಹುಡುಗಿ ಸಿರಿವಂತರ ಸೊಸೆಯಾಗುತ್ತಾಳೆ, ಒಂದು ಪತ್ರ ಬೇಡದವರ ಕೈಗೆ ಸಿಗುತ್ತದೆ, ಗಂಡ ಸಂಶಯ ಪಡುತ್ತಾನೆ, ಅವಳು ತವರಿಗೆ ಬಂದು ಶಾಲೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ, ಗಂಡನಿಗೆ ಅಪಘಾತವಾಗಿ ಬುದ್ಧಿ ಬರುತ್ತದೆ, ಅವಳು ಮರಳಿ ಹೋಗುತ್ತಾಳೆ. (ಅಪಘಾತವಾಗದೆ ಬುದ್ಧಿ ಬಂದ ಗಂಡ ಆ ಕಾಲದ ಇಂಥ ಕಾದಂಬರಿಗಳಲ್ಲಿ ನನಗಂತೂ ಸಿಕ್ಕಿಲ್ಲ.)

ಸಿನಿಮಾ ಮುಗಿದಾಗ 78 ವರ್ಷದ ನಮ್ಮ ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಜೊತೆಗೆ, "ಪುಸ್ತಕದಲ್ಲಿ ಹೀಗಿರಲಿಲ್ಲ, ಇವರು ಕೊನೆಯನ್ನು ಕೆಡಿಸಿದರು" ಎಂದು ಗೊಣಗಿದರು. ನನಗೆ ಕುತೂಹಲವಾಗಿ ಗ್ರಂಥಾಲಯದಿಂದ ಪುಸ್ತಕ ತಂದು ಎರಡು ರಾತ್ರಿ ಓದಿದೆ. ಕೊನೆ ಸಿನಿಮಾದಲ್ಲಿರುವಂತೆಯೇ ಇದೆ. ವಯಸ್ಸಾಗಿದೆ, ಬೇರೆ ಯಾವುದೋ ಕತೆ ಕಲೆತಿರಬೇಕು ಎಂದು ಸುಮ್ಮನಾದೆ.

ನನ್ನ ಪ್ರಶ್ನೆ ಪುಸ್ತಕದ ಬಗ್ಗೆ. ಮೊದಲ ಮೂವತ್ತು ಪುಟಗಳಲ್ಲಿ ನಾಯಕಿಯ ಕಣ್ಣು ನಾಲ್ಕು ಸಲ ಕಮಲವಾಗಿದೆ. ಅತ್ತೆಗೆ ಕೆಟ್ಟವಳಾಗಿರುವುದು ಬಿಟ್ಟು ಬೇರೆ ಕೆಲಸವಿಲ್ಲ. ಆದರೂ ಮುದ್ರಣದ ಮೇಲೆ ಮುದ್ರಣ ಕಂಡಿದೆ, ಸಿನಿಮಾ ಓಡಿದೆ, ಇಂದಿಗೂ ಜನ ನೆನೆಸಿಕೊಳ್ಳುತ್ತಾರೆ. ಇತ್ತ ಒಳ್ಳೆಯ ಕಾದಂಬರಿ ಸಾವಿರ ಪ್ರತಿ ಅಚ್ಚಾಗಿ ಅರ್ಧದಷ್ಟು ಗೋದಾಮಿನಲ್ಲಿ ಇಲಿಗಳ ಪಾಲಾಗುತ್ತದೆ. ಹೀಗೇಕೆ? "ಜನರ ಅಭಿರುಚಿ ಕೆಟ್ಟಿದೆ" ಎಂಬ ಉತ್ತರ ಬೇಡ. ಅದು ನನಗೂ ಗೊತ್ತಿರುವ ಸೋಮಾರಿ ಉತ್ತರ.

ತಿಕೋಟಾ ಮಾಸ್ತರ, ವಿಜಯಪುರ

ನಿವೃತ್ತ ಶಿಕ್ಷಕನಾದ್ದರಿಂದ ಇತಿಹಾಸದಿಂದ ಶುರು ಮಾಡುತ್ತೇನೆ, ಕ್ಷಮಿಸಿ. ಕನ್ನಡದಲ್ಲಿ ಕಾದಂಬರಿ ಓದುವವರು ತಾವಾಗಿ ಹುಟ್ಟಿದವರಲ್ಲ. ಅವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ತಂದದ್ದು ಅತ್ತ ಬಂಗಾಳಿಯಿಂದ ಕತೆ ತಂದ ಬಿ. ವೆಂಕಟಾಚಾರ್ಯರು, ಇತ್ತ ಮರಾಠಿಯಿಂದ ತಂದ ಗಳಗನಾಥರು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮನೆಬಾಗಿಲಿಗೆ ಬಂದ ಪುಸ್ತಕವನ್ನು ಯಾರಾದರೂ ಏಕೆ ಕೊಳ್ಳಬೇಕು? ಮುಂದೇನಾಯಿತು ಎಂಬ ಆಸೆ ಹುಟ್ಟಿದರೆ ಮಾತ್ರ. ಆ ಆಸೆ ಹುಟ್ಟಿಸುವ ಕೆಲಸವನ್ನು ಜನಪ್ರಿಯ ಕಾದಂಬರಿ ಮಾಡಿತು.

ನಾನೇ ಸಾಕ್ಷಿ. ಎಂಟನೆಯ ತರಗತಿಯಲ್ಲಿ ರೇಖಾಗಣಿತದ ಪುಸ್ತಕದೊಳಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಇಟ್ಟುಕೊಂಡು ಓದಿದವನು. ಸಿಕ್ಕಿಬಿದ್ದು ಏಟು ತಿಂದೆ. ಹೊಡೆದ ಗುರುಗಳು ಪುಸ್ತಕ ಕಿತ್ತುಕೊಂಡು ಹೋಗಿ ತಾವು ಓದಿ, ಮೂರನೆಯ ದಿನ ಮರಳಿಸಿದರು. ಅದೇ ಹುಡುಗ ಮುಂದೆ ಕಾರಂತರನ್ನೂ ಓದಿದ. ಮೊದಲ ಮೆಟ್ಟಿಲನ್ನು ಒದೆಯಬೇಡಿ.

ಅಥಣಿ ಚಪ್ಪಲಿ, ಅಥಣಿ

ಮಾಸ್ತರರೇ, ಈ ಮೆಟ್ಟಿಲಿನ ಮಾತನ್ನು ನಲವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಹತ್ತಿ ಮೇಲೆ ಹೋದವರು ಎಷ್ಟು ಮಂದಿ? ನೀವೊಬ್ಬರು. ನಮ್ಮ ಭಾವ ಅದೇ ಮೊದಲ ಮೆಟ್ಟಿಲಿನ ಮೇಲೆ ಚಾಪೆ ಹಾಸಿಕೊಂಡು ಮಲಗಿ ಈಗ ಅರವತ್ತು ದಾಟಿದ್ದಾರೆ.

ನನ್ನ ಲೆಕ್ಕ ಸರಳ. ಬಸ್ ನಿಲ್ದಾಣದ ಅಂಗಡಿಯಲ್ಲಿ ಏನು ತೂಗುಹಾಕುತ್ತಾರೋ ಅದು ಮಾರುತ್ತದೆ. ಮಾರಿದ್ದನ್ನು ಸಿನಿಮಾ ಮಾಡುತ್ತಾರೆ. ಸಿನಿಮಾ ಬಂದದ್ದರಿಂದ ಇನ್ನಷ್ಟು ಮಾರುತ್ತದೆ. ಇಷ್ಟು ಜನ ಓದಿದ್ದಾರೆ ಎಂದ ಮೇಲೆ ಚೆನ್ನಾಗಿಲ್ಲ ಎನ್ನಲು ಧೈರ್ಯ ಬೇಕು. ಮದುವೆಮನೆಯಲ್ಲಿ ಪಕ್ಕದವನು ಹೋಳಿಗೆ ಹೊಗಳಿದರೆ ನಾವೂ ತಲೆಯಾಡಿಸುವುದಿಲ್ಲವೇ? ಹಾಗೆ.

ಪ್ರೊಜೆಕ್ಟರ್ ಕಾಕಾ, ವಿಜಯಪುರ

ತಮ್ಮಾ ಚಪ್ಪಲಿ, ಒಂದೇ ಹೋಳಿಗೆಯನ್ನು ಇಪ್ಪತ್ತೈದು ವಾರ ಯಾರೂ ಮುಲಾಜಿಗೆ ತಿನ್ನುವುದಿಲ್ಲ.

ನಾನು ಇಲ್ಲಿನ ಒಂದು ಟಾಕೀಸಿನಲ್ಲಿ 27 ವರ್ಷ ಆಪರೇಟರ್ ಆಗಿದ್ದೆ. ಈಗ ಅದು ಕಲ್ಯಾಣ ಮಂಟಪ. ಎರಡು ಯಂತ್ರ, ಕಾರ್ಬನ್ ಕಡ್ಡಿಯ ಬೆಳಕು. ಪರದೆಯ ಬಲ ಮೇಲ್ತುದಿಯಲ್ಲಿ ಚುಕ್ಕೆ ಮಿನುಗಿದಾಗ ಎರಡನೆಯ ಯಂತ್ರ ಚಾಲೂ ಮಾಡಬೇಕು. ಆ ಚುಕ್ಕೆಗಾಗಿ ಕಾಯುತ್ತ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟು ನಿಂತವನು ಸಿನಿಮಾಕ್ಕಿಂತ ಜನರನ್ನೇ ಹೆಚ್ಚು ನೋಡುತ್ತಾನೆ. ಕಲ್ಪನಾ ಅವರ ಚಿತ್ರವಿದ್ದ ವಾರಗಳಲ್ಲಿ ಹೆಂಗಸರ ಸಾಲಿನಿಂದ ಮೂಗು ಸೀನುವ ಸದ್ದು ಪ್ರತಿದಿನವೂ ಒಂದೇ ಜಾಗದಲ್ಲಿ ಏಳುತ್ತಿತ್ತು. ಎಲ್ಲಿ ಗೊತ್ತೇ? ದುಃಖದ ದೃಶ್ಯದಲ್ಲಿ ಅಲ್ಲ, ಅದಕ್ಕೆ ಎರಡು ನಿಮಿಷ ಮೊದಲು. ಮುಂದೆ ಏನು ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಕೆಲವರು ಕಾದಂಬರಿ ಓದಿದ್ದರು, ಕೆಲವರದು ನಾಲ್ಕನೆಯ ಸಲ. ಕತೆ ತಿಳಿಯಲು ಅವರು ಬಂದಿರಲಿಲ್ಲ, ತಿಳಿದ ಕತೆ ಮತ್ತೆ ನಡೆಯುವುದನ್ನು ಕಾಣಲು ಬಂದಿದ್ದರು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಶ್ರೀಕೃಷ್ಣ ಪಾರಿಜಾತ, ಸಂಗ್ಯಾ ಬಾಳ್ಯಾದಂಥ ಬಯಲಾಟಗಳಿಗೆ ರಾತ್ರಿಯಿಡೀ ಕುಳಿತವರು ಸಂಗ್ಯಾ ಸಾಯುತ್ತಾನೋ ಉಳಿಯುತ್ತಾನೋ ಎಂದು ಉಗುರು ಕಡಿಯುತ್ತ ಕುಳಿತಿದ್ದರೇ?

ಇನ್ನೊಂದು ಮಾತು. ಎಪ್ಪತ್ತರ ದಶಕದ ಆರಂಭದಲ್ಲೇ ಬಂಗಾರದ ಮನುಷ್ಯ, ಶರಪಂಜರ, ನಾಗರಹಾವು ಮೂರೂ ಬಂದವು. ಮೂರಕ್ಕೂ ಕಾದಂಬರಿಯೇ ಆಧಾರ: ಟಿ.ಕೆ. ರಾಮರಾವ್, ತ್ರಿವೇಣಿ, ತ.ರಾ.ಸು. ಆಗ ನಿರ್ದೇಶಕರು ಮಹಾಕಾದಂಬರಿಗಳನ್ನು ಬಿಟ್ಟು ಇಂಥವನ್ನು ಏಕೆ ಹುಡುಕುತ್ತಿದ್ದರು ಎಂದರೆ, ದೊಡ್ಡ ಕಾದಂಬರಿಯ ಆಸ್ತಿ ಇರುವುದು ವಾಕ್ಯದಲ್ಲಿ. ವಾಕ್ಯವನ್ನು ಕ್ಯಾಮೆರಾ ಹಿಡಿಯಲಾರದು. ಜನಪ್ರಿಯ ಕಾದಂಬರಿಯಲ್ಲಿ ಎದ್ದು ಕಾಣುವ ನಾಲ್ಕು ಪಾತ್ರ, ಏಳೆಂಟು ಘಟನೆ, ಒಂದು ಗಟ್ಟಿ ಕೊನೆ ಇರುತ್ತವೆ. ಉಳಿದದ್ದು ಸಡಿಲ. ಸಡಿಲ ಬಟ್ಟೆಯನ್ನು ದರ್ಜಿ ಹೇಗೆ ಬೇಕಾದರೂ ಹೊಲಿಯಬಹುದು. ಬಿಗಿಯಾಗಿ ಹೊಲಿದ ಕೋಟನ್ನು ಬಿಚ್ಚಿದರೆ ಕೋಟೂ ಹೋಯಿತು, ಬಟ್ಟೆಯೂ ಹೋಯಿತು.

ಆಮೇಲೆ ಸಿನಿಮಾದ ಹಾಡು, ನಟಿಯ ಮುಖ, ಕೋಟೆಯ ಮೇಲಿನ ಬಿಸಿಲು ಎಲ್ಲವೂ ಸಾಲವಾಗಿ ಪುಸ್ತಕಕ್ಕೆ ಹೋಗುತ್ತವೆ. ಮರುಮುದ್ರಣದ ಮುಖಪುಟದ ಮೇಲೆ ಸಿನಿಮಾದ ಚಿತ್ರ ಬರುತ್ತದೆ. ಓದುವವರು ಅಕ್ಷರ ನೋಡುತ್ತಿರುತ್ತಾರೆ, ಕಿವಿಯಲ್ಲಿ ಕೇಳುವುದು ಕಲ್ಪನಾ ಅವರ ಧ್ವನಿ. ಆಗ ನಾಲ್ಕು ಕಮಲ ಬಂದರೇನು, ಹತ್ತು ಬಂದರೇನು?

ಕಿಲ್ಲಾ ಕೆರೆ, ಬೆಳಗಾವಿ

ಕಾಕಾ ಹೇಳಿದ್ದಕ್ಕೆ ಸಣ್ಣ ಸೇರ್ಪಡೆ. ನಾಗರಹಾವು ಸಿನಿಮಾಕ್ಕೆ ಆಧಾರ ಒಂದು ಕಾದಂಬರಿಯಲ್ಲ, ಮೂರು: ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ. ಪುಟ್ಟಣ್ಣ ಕಣಗಾಲ್ ಅವರು ಮೂರನ್ನೂ ಒಂದು ಮಾಡಿದರು. ತ.ರಾ.ಸು. ಅವರಿಗೆ ಅದು ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ಹೇಳಿದರೆಂಬ ಮಾತು ಇಂದಿಗೂ ಓಡಾಡುತ್ತದೆ. ಜನರಿಗೆ ಆ ಕೇರೆಹಾವೇ ರಾಮಾಚಾರಿಯಾಗಿ ಉಳಿಯಿತು. ಇಲ್ಲಿ ಕಾದಂಬರಿ ಸಾಧಾರಣವೂ ಅಲ್ಲ, ಸಿನಿಮಾ ಅದಕ್ಕೆ ನಿಷ್ಠವೂ ಅಲ್ಲ. ನವನಗರದ ಸರ್ ಅವರ ಪ್ರಶ್ನೆಗೆ ಇದು ಉತ್ತರವಲ್ಲ, ಗೊತ್ತು.

ಇಳಕಲ್ ಸೆರಗು, ಬಾಗಲಕೋಟೆ

ಕಾಕಾ ಟಾಕೀಸಿನ ಕಿಂಡಿಯಿಂದ ನೋಡಿದ್ದನ್ನು ನಾನು ಪಡಸಾಲೆಯ ಕಟ್ಟೆಯ ಮೇಲಿಂದ ನೋಡಿದವಳು. ನಮ್ಮ ಅವ್ವ ಹಳೆಯ ಬಾಗಲಕೋಟೆಯ ಗಲ್ಲಿಯೊಂದರಲ್ಲಿ 1973ರಿಂದ ಬಾಡಿಗೆ ಪುಸ್ತಕ ಕೊಡುತ್ತಿದ್ದಳು. ಪಡಸಾಲೆಯಲ್ಲಿ ಎರಡು ಕಪಾಟು, ಆರು ನೂರರಷ್ಟು ಪುಸ್ತಕ, ಐದು ರೂಪಾಯಿ ಠೇವಣಿ, ದಿನಕ್ಕೆ ಇಪ್ಪತ್ತೈದು ಪೈಸೆ. ಎಲ್ಲ ಪುಸ್ತಕಕ್ಕೂ ಖಾಕಿ ಕಾಗದದ ಹೊದಿಕೆ, ಬೆನ್ನಿನ ಮೇಲೆ ನಂಬರು. ಆಲಮಟ್ಟಿಯ ಹಿನ್ನೀರಿಗೆ ಮನೆ ಹೋಗುವವರೆಗೂ ನಡೆಯಿತು. ಆಮೇಲೆ ನಾವೂ ನವನಗರಕ್ಕೆ ಬಂದೆವು.

ಸರ್, ನೀವು ಕಮಲದ ಕಣ್ಣನ್ನು ಎಣಿಸಿದಿರಿ. ನೀವು ಎರಡು ರಾತ್ರಿಯಲ್ಲಿ ಓದಿ ಮುಗಿಸಿದವರು, ಎಣಿಸಲು ಆಗುತ್ತದೆ. ನಮ್ಮ ಗಲ್ಲಿಯ ಹೆಂಗಸರು ಹೇಗೆ ಓದುತ್ತಿದ್ದರು ಎಂದರೆ, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದು ಹಂಚಿಗೆ ಹಾಕಿ, ಅದು ಬೇಯುವಷ್ಟರಲ್ಲಿ ನಾಲ್ಕು ಸಾಲು. ತಿರುವಿ ಹಾಕಿ ಮತ್ತೆರಡು ಸಾಲು. ಅಷ್ಟರಲ್ಲಿ ಮಗು ಅಳುತ್ತದೆ, ನಳದಲ್ಲಿ ನೀರು ಬರುತ್ತದೆ, ಮಾವನವರು ಕೆಮ್ಮುತ್ತ ಒಳಗೆ ಬರುತ್ತಾರೆ, ಪುಸ್ತಕ ಹಿಟ್ಟಿನ ಡಬ್ಬಿಯ ಹಿಂದೆ ಹೋಗುತ್ತದೆ. ಮತ್ತೆ ಹೊರಗೆ ಬರುವುದು ಮರುದಿನ. ಆಗ ಕಮಲದ ಕಣ್ಣು ಕಂಡರೆ, ಹಾಂ, ಇವಳೇ ಅವಳು ಎಂದು ಗುರುತು ಸಿಗುತ್ತದೆ. ನಿಮಗೆ ಅದು ಕೆಟ್ಟ ಬರಹ, ಅವರಿಗೆ ಎಲ್ಲಿಗೆ ಬಂದಿದ್ದೆವು ಎಂದು ತೋರಿಸುವ ಮೈಲಿಗಲ್ಲು. ಹತ್ತು ಸಲ ಮುಚ್ಚಿ ಹತ್ತು ಸಲ ತೆರೆದರೂ ಎಳೆ ಕಡಿಯದಂತೆ ಆ ಪುಸ್ತಕಗಳನ್ನು ಬರೆದಿರುತ್ತಿದ್ದರು. ಎಷ್ಟೋ ಕತೆಗಳು ಮೊದಲು ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂದವು. ಏಳು ದಿನ ಕಳೆದು ಬರುವ ಓದುಗರಿಗೆ ಹಿಂದಿನದನ್ನು ನೆನಪಿಸಲೇಬೇಕಲ್ಲ.

ಅವ್ವ ಭೈರಪ್ಪನವರನ್ನೂ ಇಟ್ಟಿದ್ದಳು. ದಪ್ಪ ಪುಸ್ತಕ, ಹೊರಗೇ ಇರುತ್ತಿದ್ದವು. ಆದ್ದರಿಂದ ಗಂಭೀರವಾದದ್ದು ಓಡುವುದಿಲ್ಲ ಎನ್ನಬೇಡಿ. ನವ್ಯದವರ ಕೆಲವು ಪುಸ್ತಕ ಮಾತ್ರ ಹೋದ ಮರುದಿನವೇ ಮರಳುತ್ತಿದ್ದವು. ಒಬ್ಬ ವೈನಿ ಹಾಗೆ ತಂದುಕೊಟ್ಟಾಗ ಅವ್ವ ಕೇಳಿದಳು, ಏಕೆ, ಚೆನ್ನಾಗಿಲ್ಲವೇ? ಅವರು ಹೇಳಿದರು: "ಚೆನ್ನಾಗಿದೆ. ಅದರಲ್ಲಿ ಆ ಮನುಷ್ಯನಿಗೆ ಏನೂ ತೋಚದೆ ಕಿಟಕಿಯ ಹತ್ತಿರ ನಿಲ್ಲುತ್ತಾನೆ. ನನಗೆ ನಿಲ್ಲಲು ಪುರುಸೊತ್ತಿಲ್ಲ."

ಕಿಲ್ಲಾ ಕೆರೆ, ಬೆಳಗಾವಿ

ಅಕ್ಕಾ, ಆ ವೈನಿಯವರ ಮಾತನ್ನು ನಮ್ಮ ವಿಭಾಗದ ಗೋಡೆಯ ಮೇಲೆ ಬರೆಸಬೇಕು. ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ. ನಾವು ಓದುವ ವಿಮರ್ಶೆಯಲ್ಲಿ ಓದುಗನಿದ್ದಾನೆ, ಒಲೆ ಇಲ್ಲ.

ಗೋಕಾಕ ಕರದಂಟು, ಗೋಕಾಕ

ಇಷ್ಟು ಹೊತ್ತಾಯಿತು, ನಮ್ಮವರ ಹೆಸರನ್ನೇ ಯಾರೂ ಎತ್ತಲಿಲ್ಲ. ಕೃಷ್ಣಮೂರ್ತಿ ಪುರಾಣಿಕರು, 1911ರಲ್ಲಿ ಬೀಳಗಿಯಲ್ಲಿ ಹುಟ್ಟಿ ನಮ್ಮ ಗೋಕಾಕದಲ್ಲಿ ಶಿಕ್ಷಕರಾಗಿದ್ದವರು. 1962ರ ಕರುಣೆಯೇ ಕುಟುಂಬದ ಕಣ್ಣು ಅವರ ಧರ್ಮದೇವತೆ ಕಾದಂಬರಿಯಿಂದ ಬಂತು. ಕನ್ನಡ ಸಿನಿಮಾ ಕಾದಂಬರಿಗಳತ್ತ ತಿರುಗಿದ್ದರಲ್ಲಿ ಅದರ ಪಾಲು ದೊಡ್ಡದು. ಮರುವರ್ಷ ಕುಲವಧು. ಬಿಸ್ಮಿಲ್ಲಾ ಖಾನರು ಶಹನಾಯಿ ನುಡಿಸಿದ ಸನಾದಿ ಅಪ್ಪಣ್ಣ (1977) ಕೂಡ ಪುರಾಣಿಕರ ಕತೆಯೇ. ಎಂ.ಎ. ಪಠ್ಯದಲ್ಲಿ ಇವರಿಗೆ ಎಷ್ಟು ಪುಟ ಕೊಟ್ಟಿದ್ದಾರೆ, ಕಿಲ್ಲಾ ಕೆರೆಯವರು ಹೇಳಲಿ.

ಇದೇ ಗೋಕಾಕ ತಾಲ್ಲೂಕಿನ ಮಲಾಮರಡಿಯವರು ಬಸವರಾಜ ಕಟ್ಟೀಮನಿ. ಅವರೂ ಜನಪ್ರಿಯರೇ, ಆದರೆ ಕೈಯಲ್ಲಿ ಬೆಂಕಿ. ಟೀಕಿಸುವಾಗ ಮಠಗಳನ್ನೂ ಬಿಡಲಿಲ್ಲ, ಮಾಲೀಕರನ್ನೂ ಬಿಡಲಿಲ್ಲ. ಪುರಾಣಿಕರು ನೋಡಿದ್ದು ಮನೆಯೊಳಗೆ: ಅಣ್ಣತಮ್ಮಂದಿರು ಬೇರೆಯಾಗುವುದು, ಸೊಸೆ ಮನೆ ಹಿಡಿದು ನಿಲ್ಲಿಸುವುದು. ಆ ಕಾಲದಲ್ಲಿ ಕೂಡುಕುಟುಂಬ ಒಡೆಯುವುದು ಮನೆಮನೆಯ ಭಯವಾಗಿತ್ತು. ಅದನ್ನು ಬರೆದವರನ್ನು ಸಾಧಾರಣ ಎನ್ನುವ ತಕ್ಕಡಿ ಯಾರದು? ತ್ರಿವೇಣಿಯವರಂಥ ಲೇಖಕಿಯರ ಬರಹವನ್ನು ಅಡುಗೆಮನೆ ಸಾಹಿತ್ಯ ಎಂದು ಮೂಗು ಮುರಿದರು. ಆ ಅಡುಗೆಮನೆಯಿಂದಲೇ ಶರಪಂಜರ ಬಂತು. ಬಾಣಂತನದ ಹೊತ್ತಿನಲ್ಲಿ ಬುದ್ಧಿ ಕದಡಿದ ಹೆಂಗಸು ಗುಣವಾಗಿ ಮನೆಗೆ ಬಂದರೂ ಹುಚ್ಚಿಯೆಂದೇ ನೋಡುವ ಮನೆಮಂದಿಯ ಕತೆ. ಆ ವಿಷಯವನ್ನು ಆಗ ಇನ್ನಾರು ಮುಟ್ಟಿದ್ದರು?

ಅಥಣಿ ಚಪ್ಪಲಿ, ಅಥಣಿ

ತ್ರಿವೇಣಿಯವರನ್ನು ಸಾಧಾರಣ ಎಂದವನು ನಾನಲ್ಲ. ಅವರ ನೆರಳಿನಲ್ಲಿ ಅವರ ನಕಲುಗಳನ್ನೆಲ್ಲ ದಾಟಿಸಬೇಡಿ ಎನ್ನುವುದಷ್ಟೇ ನನ್ನ ತಕರಾರು. ಶರಪಂಜರದ ಕಾವೇರಿಗೆ ಕೊನೆಯಲ್ಲೂ ಬಿಡುಗಡೆ ಇಲ್ಲ. ಅದು ಓದಿದವರ ನಿದ್ದೆ ಕೆಡಿಸುತ್ತದೆ. ನಂತರ ಬಂದವರು ಅದೇ ಅಚ್ಚಿನಲ್ಲಿ ಕಾಯಿಲೆಯನ್ನು ಇಟ್ಟುಕೊಂಡರು, ಪ್ರಶ್ನೆಯನ್ನು ತೆಗೆದರು. ಕಾಯಿಲೆಗೆ ಔಷಧ ಸಿಕ್ಕಿತು, ಗಂಡನಿಗೆ ಅಪಘಾತವಾಯಿತು, ಶುಭಂ.

ಇಂಥ ಪುಸ್ತಕ ಏಕೆ ಗೆಲ್ಲುತ್ತದೆ ಎಂದು ಈಗ ನೇರವಾಗಿ ಹೇಳುತ್ತೇನೆ. ಅದು ಓದುವವಳಿಗೆ, ನೀನು ಸಹಿಸಿಕೊಂಡದ್ದು ವ್ಯರ್ಥವಾಗಲಿಲ್ಲ ಎನ್ನುತ್ತದೆ. ಇಪ್ಪತ್ತು ವರ್ಷ ಸಂಬಳವಿಲ್ಲದೆ ದುಡಿದವಳಿಗೆ ಕೊನೆಯ ಅಧ್ಯಾಯದಲ್ಲಿ ಒಟ್ಟಿಗೆ ಪಗಾರ ಕೊಟ್ಟಂತೆ. ಖೊಟ್ಟಿ ನೋಟಿನ ಪಗಾರ. ಅಕ್ಕ ಒಲೆಯ ಮುಂದಿನ ಓದನ್ನು ಬಹಳ ಚೆನ್ನಾಗಿ ಹೇಳಿದರು, ಒಪ್ಪಿದೆ. ಆದರೆ ಆ ಪುಸ್ತಕ ಅವಳನ್ನು ಒಲೆಯ ಮುಂದೆಯೇ ಕೂರಿಸಿತಲ್ಲ? ಅವಳು ಎದ್ದು ಹೋಗದಂತೆ ನೋಡಿಕೊಂಡಿತಲ್ಲ?

ಗೋಕಾಕ ಕರದಂಟು, ಗೋಕಾಕ

ಹೆಂಗಸರು ಏನು ಓದಿ ಎದ್ದು ಹೋಗಬೇಕಿತ್ತು ಎಂದು ಅಥಣಿಯ ಚಪ್ಪಲಿ ಅಂಗಡಿಯಲ್ಲಿ ಕುಳಿತು ತೀರ್ಮಾನ ಮಾಡುತ್ತಿದ್ದೀರಿ. ಭೇಷ್.

ವೇದಿಕೆಯ ನಿರ್ವಾಹಕ

ಇಬ್ಬರೂ ಒಂದೊಂದು ಲೋಟ ನೀರು ಕುಡಿಯಿರಿ. ವಿಷಯದ ಮೇಲೆ ಬರೆಯಿರಿ, ಊರಿನ ಮೇಲೆ ಬೇಡ.

ಬನಶಂಕರಿ ಗೇಟ್‌ಕೀಪರ್, ಬಾದಾಮಿ

ಬಹಳ ದಿನಗಳಿಂದ ಓದುತ್ತಿದ್ದೇನೆ, ಮೊದಲ ಸಲ ಬರೆಯುತ್ತಿದ್ದೇನೆ. ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಯೊಂದರಲ್ಲಿ ಆರು ವರ್ಷ ಗೇಟಿನಲ್ಲಿ ಟಿಕೆಟ್ ಹರಿದವನು ನಾನು. ಜಾತ್ರೆಯಲ್ಲಿ ಕಂಪನಿಗಳ ಥಿಯೇಟರುಗಳು ಒಂದರ ಪಕ್ಕ ಒಂದು. ಪಕ್ಕದವರ ನಗುವಿನ ಸದ್ದು ತಗಡು ದಾಟಿ ಬರುತ್ತದೆ. ನಮ್ಮ ಮಾಲೀಕರು ಒಂದು ವರ್ಷ ಹೊಸ ನಾಟಕ ಹಿಡಿದರು. ಸಾಲಕ್ಕೆ ಹೊಲ ಕಳೆದುಕೊಂಡ ರೈತನ ಕತೆ, ಒಳ್ಳೆಯ ಬರವಣಿಗೆ. ಮೂರನೆಯ ರಾತ್ರಿಗೆ ಅರ್ಧ ಕುರ್ಚಿ ಖಾಲಿ. ನಾಲ್ಕನೆಯ ದಿನ ಮಾಲೀಕರು ಹಳೆಯ ನಾಟಕದ ಹಾಸ್ಯಪಾತ್ರವನ್ನು, ಆ ಹೆಂಡತಿಗೆ ಹೆದರುವ ಗೌಡನನ್ನು, ಅವನ ಮಾತು, ಅವನ ಹರಿದ ಕೊಡೆ ಸಮೇತ ತಂದು ಈ ನಾಟಕದೊಳಗೆ ನಿಲ್ಲಿಸಿದರು. ಕತೆಗೂ ಅವನಿಗೂ ಸಂಬಂಧವಿರಲಿಲ್ಲ. ಹದಿನೈದು ದಿನ ಟಿಕೆಟ್ ಸಿಗಲಿಲ್ಲ. ಗೌಡನಿಗೆ ನಗಲು ಬಂದವರು ರೈತನಿಗೆ ಅತ್ತುಕೊಂಡು ಹೋದರು. ನಾಟಕ ಬರೆದ ಕವಿಗಳು ಮಾತ್ರ ಮಾಲೀಕರ ಜೊತೆ ಮಾತು ಬಿಟ್ಟರು.

ಪ್ರೊಜೆಕ್ಟರ್ ಕಾಕಾ, ವಿಜಯಪುರ

ಆ ಕೊಡೆಯ ಗೌಡನನ್ನು ನಾನೂ ನೋಡಿದ್ದೇನೆ ಎಂದು ಕಾಣುತ್ತದೆ. ನಾಟಕ ಬಿಟ್ಟ ಮೇಲೆ ನಸುಕಿನ ಮೂರಕ್ಕೆ ತಿಂದ ಗಿರ್ಮಿಟ್ಟಿನ ರುಚಿ ಇನ್ನೂ ನಾಲಗೆಯ ಮೇಲಿದೆ.

ಕಿಲ್ಲಾ ಕೆರೆ, ಬೆಳಗಾವಿ

ಇದು ಕನ್ನಡದ ಕಾಯಿಲೆ ಮಾತ್ರವೇನಲ್ಲ. ದೇವದಾಸ ನೋಡಿ. ಶರತ್‌ಚಂದ್ರರು ಎಳೆಯ ವಯಸ್ಸಿನಲ್ಲಿ ಬರೆದು, ಅಚ್ಚು ಹಾಕಿಸಲು ಹಿಂಜರಿದು ಬಹುಕಾಲ ಇಟ್ಟುಕೊಂಡಿದ್ದ ಕಾದಂಬರಿ ಅದು. 1917ರಲ್ಲಿ ಬಂತು. ಅವರ ಎಲ್ಲ ಪುಸ್ತಕಗಳಿಗಿಂತ ಹೆಚ್ಚು ಸಲ ಪರದೆಗೆ ಬಂದದ್ದು ಅದೇ. ಬರೆದವರಿಗೇ ಅಳುಕಿದ್ದ ಪುಸ್ತಕವನ್ನು ತಲೆಮಾರಿಗೊಬ್ಬ ನಿರ್ದೇಶಕ ಎತ್ತಿಕೊಂಡ. ಕಾಕಾ ಹೇಳಿದ ಸಡಿಲ ಬಟ್ಟೆ ಇದೇ ಇರಬೇಕು. ಇನ್ನೊಂದು ಕಡೆ ಖಾಂಡೇಕರರ ಯಯಾತಿ. ನಮ್ಮ ಮನೆಯಲ್ಲಿ ಮರಾಠಿ ಪ್ರತಿಯೂ ಇದೆ, ಕನ್ನಡದ್ದೂ ಇದೆ, ಎರಡೂ ಸವೆದಿವೆ. ಮನೆಮನೆಯಲ್ಲಿ ಓದಿಸಿಕೊಂಡಿತು, ಖಾಂಡೇಕರರಿಗೆ ಜ್ಞಾನಪೀಠವೂ ಬಂತು. ಜನ ಮೆಚ್ಚಿದರು ಎಂಬುದರಿಂದ ಪುಸ್ತಕ ಒಳ್ಳೆಯದೆಂದೂ ಹೇಳಲಾಗದು, ಕೆಟ್ಟದ್ದೆಂದೂ ಹೇಳಲಾಗದು.

ನನ್ನ ವಯಸ್ಸಿನವರು ಈಗ ಮೊಬೈಲ್‌ನಲ್ಲಿ ಪುಸ್ತಕ ಹಿಡಿದು ಅಳುವ ಹುಡುಗಿಯ ವಿಡಿಯೋ ನೋಡಿ ಅದೇ ಪುಸ್ತಕ ತರಿಸುತ್ತಾರೆ. ಅತ್ತರೆ ತಾವೂ ವಿಡಿಯೋ ಹಾಕುತ್ತಾರೆ, ಅಳು ಬರದಿದ್ದರೆ ತಮ್ಮಲ್ಲೇ ಏನೋ ಕೊರತೆ ಎಂದುಕೊಳ್ಳುತ್ತಾರೆ. ನಾನೂ ಒಮ್ಮೆ ಹಾಗೆ ತರಿಸಿದ್ದೇನೆ. ಅಳು ಬರಲಿಲ್ಲ, 399 ರೂಪಾಯಿಗೆ ಮಾತ್ರ ಸ್ವಲ್ಪ ಸಂಕಟವಾಯಿತು.

ಇಳಕಲ್ ಸೆರಗು, ಬಾಗಲಕೋಟೆ

ನವನಗರದ ಸರ್, ನೀವು ಕತೆ ಹೇಳಿದಾಗಿನಿಂದ ನನಗೊಂದು ಸಂಶಯ ಕಾಡುತ್ತಿತ್ತು. ನಿಮಗೆ ಖಾಸಗಿ ಸಂದೇಶದಲ್ಲಿ ಪುಸ್ತಕದ ಹೆಸರು ಕೇಳಿದ್ದು ಅದಕ್ಕೇ. ಅದೇ ಪುಸ್ತಕ. ಅಟ್ಟದ ಮೇಲಿನ ಟ್ರಂಕಿನಿಂದ ನಿನ್ನೆ ರಾತ್ರಿ ಇಳಿಸಿದೆ. ನಮ್ಮ ನಂಬರು 212.

ಖಾಕಿ ಹೊದಿಕೆ ಈಗ ಚಹಾದ ಬಣ್ಣಕ್ಕೆ ತಿರುಗಿದೆ. ಹೊಲಿಗೆ ಬಿಚ್ಚಿದೆ. ಅವ್ವ ದಬ್ಬಣದಿಂದ ಎರಡು ಸಲ ಮತ್ತೆ ಹೊಲಿದ ಗುರುತಿದೆ, ಒಂದು ಕಡೆ ಬಿಳಿಯ ದಾರ, ಒಂದು ಕಡೆ ಕೆಂಪು. 143ನೆಯ ಪುಟದ ಮೇಲೆ ಅರಿಸಿನದ ಹೆಬ್ಬೆರಳು. ಗಂಡ ಪತ್ರ ಹಿಡಿದುಕೊಂಡು ಬೈಯುವ ಪುಟ ಅದು. ಅಂಚಿನಲ್ಲಿ ಪೆನ್ಸಿಲಿನಿಂದ ಒಬ್ಬರು "ಇವನ ಬಾಯಿಗೆ ಮಣ್ಣು ಹಾಕಲಿ" ಎಂದು ಬರೆದಿದ್ದಾರೆ. ಕೆಳಗೆ ಬೇರೆ ಅಕ್ಷರದಲ್ಲಿ "ಹೌದು".

ಈಗ ಮುಖ್ಯ ವಿಷಯ. ಕೊನೆಯ ಹಾಳೆ ಇಲ್ಲ. ಯಾವಾಗಲೋ ಹರಿದುಹೋಗಿದೆ. ಅದರ ಜಾಗದಲ್ಲಿ ಶಾಲೆಯ ನೋಟ್‌ಪುಸ್ತಕದ ಗೆರೆ ಹಾಳೆಯೊಂದನ್ನು ಅಂಟಿಸಿ, ನೀಲಿ ಶಾಯಿಯಲ್ಲಿ ಕೊನೆ ಬರೆದಿದ್ದಾರೆ. ಇದ್ದಂತೆಯೇ ಇಲ್ಲಿ ಹಾಕುತ್ತೇನೆ:

"ಗಂಡ ಕರೆಯಲು ಬಂದ. ಕಾಲಿಗೆ ಪಟ್ಟಿ ಕಟ್ಟಿತ್ತು. ಅವಳು ಚಹಾ ಮಾಡಿ ಕೊಟ್ಟಳು. ಕುಡಿದಾದ ಮೇಲೆ, ಬಸ್ಸಿಗೆ ಹೊತ್ತಾಗುತ್ತದೆ, ಹೊರಡಿರಿ ಎಂದಳು. ಅವನು ಹೋದ. ಮರುದಿನ ಸೋಮವಾರ. ಅವಳು ಶಾಲೆಗೆ ಹೋದಳು. ಮುಗಿಯಿತು."

ಅವ್ವನ ಅಕ್ಷರವಲ್ಲ. ಅವ್ವ ಬರೆಯುವ ‘ಳ’ ಬೇರೆ ರೀತಿ. ಯಾರು ಬರೆದರೆಂದು ಖಾತೆಪುಸ್ತಕದಲ್ಲಿ ಹುಡುಕಿದೆ, ತಿಳಿಯಲಿಲ್ಲ. 212 ಒಟ್ಟು 160 ಸಲ ಹೊರಗೆ ಹೋಗಿದೆ. ಗಲ್ಲಿಯ ಎಷ್ಟು ಹೆಂಗಸರು ಈ ಕೊನೆಯನ್ನೇ ನಿಜವಾದ ಕೊನೆ ಎಂದು ಓದಿದರೋ. ಕೊನೆಯ ಹಾಳೆ ಇಲ್ಲವೆಂದು ಯಾರಾದರೂ ಬಾಡಿಗೆಯಲ್ಲಿ ಕಡಿತ ಕೇಳಿದ್ದು ನನಗಂತೂ ನೆನಪಿಲ್ಲ.

ಅಥಣಿ ಚಪ್ಪಲಿ, ಅಥಣಿ

ಅಕ್ಕಾ, ಈ ಏಳೆಂಟು ವಾಕ್ಯದಲ್ಲಿ ಒಂದೂ ಕಮಲವಿಲ್ಲ. ಪುಸ್ತಕ ಬರೆದವರು ಮುನ್ನೂರು ಪುಟಗಳಲ್ಲಿ ಮಾಡದ್ದನ್ನು ಯಾರೋ ಒಬ್ಬಾಕೆ ಒಂದು ಗೆರೆ ಹಾಳೆಯಲ್ಲಿ ಮಾಡಿದ್ದಾರೆ. ನನ್ನ ವಾದವೇ ಗೆದ್ದಿತು ಎನ್ನಲೇ? ಅವರಿಗೂ ಆ ಅಪಘಾತದ ಗಂಡ ಬೇಡವಾಗಿದ್ದ.

ಗೋಕಾಕ ಕರದಂಟು, ಗೋಕಾಕ

ಗೆದ್ದದ್ದು ನೀವಲ್ಲ. ಆ ಪುಸ್ತಕ ಅವರನ್ನು ಒಲೆಯ ಮುಂದೆ ಕೂರಿಸಿತು ಎಂದಿರಲ್ಲ. ಕುಳಿತವರು ಪೆನ್ನು ಹಿಡಿದಿದ್ದಾರೆ ನೋಡಿ. ಬಿಗಿಯಾಗಿ ಬರೆದ ಕಾದಂಬರಿಯಾಗಿದ್ದರೆ ಯಾರಾದರೂ ಅದರ ಕೊನೆಗೆ ಕೈ ಹಾಕುತ್ತಿದ್ದರೇ?

ತಿಕೋಟಾ ಮಾಸ್ತರ, ವಿಜಯಪುರ

ನನಗೆ ಹೊಳೆಯದ ಒಂದು ಸಂಗತಿ: ಕೊನೆಯನ್ನು ಕೆಡಿಸಿದರು ಎಂದ ದೊಡ್ಡವ್ವನವರು ಆ ಕೆಟ್ಟ ಕೊನೆಗೇ ಅತ್ತರಲ್ಲ. ಅಳು ಬಂದದ್ದು ಮೆಚ್ಚಿಗೆಯಿಂದಲೇ ಎಂದು ನಾವೆಲ್ಲ ಮೊದಲಿನಿಂದ ಹಿಡಿದುಕೊಂಡು ಕುಳಿತಿದ್ದೇವೆ. ಸಿಟ್ಟಿಗೂ ಅಳು ಬರುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ನೋಡಿದ್ದೇನೆ.

ನವನಗರದ ಓದುಗ, ಬಾಗಲಕೋಟೆ

ಅಕ್ಕ ಕಳುಹಿಸಿದ ಹಾಳೆಯ ಫೋಟೊವನ್ನು ಇವತ್ತು ಬೆಳಗ್ಗೆ ದೊಡ್ಡವ್ವನಿಗೆ ತೋರಿಸಿದೆ. ಕನ್ನಡಕ ತರಿಸಿಕೊಂಡರು. ಮೊಬೈಲನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು ಬಹಳ ಹೊತ್ತು ನೋಡಿದರು. "ಶಾಯಿ ಮಾಸಿದೆ" ಎಂದರು, ಅಷ್ಟೇ. ಬರೆದವರು ಯಾರು, ನಿಮಗೆ ಗೊತ್ತೇ ಎಂದು ಕೇಳಿದೆ. ಉತ್ತರ ಕೊಡದೆ ಜೋಳ ಹಸನು ಮಾಡಲು ಕುಳಿತರು.

ಸಂಜೆ ತಾವಾಗಿಯೇ ಕರೆದು, ಆ ಪುಸ್ತಕ ಓದಲು ಸಿಗುತ್ತದೆಯೇ ಕೇಳು ಎಂದಿದ್ದಾರೆ. ಗ್ರಂಥಾಲಯದ ಪ್ರತಿ ಮನೆಯಲ್ಲೇ ಇದೆಯಲ್ಲ ಎಂದೆ. ಅದು ಬೇಡವಂತೆ. ಬಾಡಿಗೆ ಎಷ್ಟು ಎಂದೂ ಕೇಳಿದ್ದಾರೆ.

ಇಳಕಲ್ ಸೆರಗು, ಬಾಗಲಕೋಟೆ

ದಿನಕ್ಕೆ ಇಪ್ಪತ್ತೈದು ಪೈಸೆ ಎಂದು ಹೇಳಿರಿ. ಠೇವಣಿ ಬೇಡ. ನಾಳೆ ನಾನೇ ತಂದುಕೊಡುತ್ತೇನೆ, ಯಾವ ಸೆಕ್ಟರ್ ಎಂದು ಸಂದೇಶ ಕಳುಹಿಸಿ. ಬರುವಾಗ ಖಾತೆಪುಸ್ತಕವನ್ನೂ ತರುತ್ತೇನೆ, ಸಹಿ ಮಾಡಿಸಿಕೊಳ್ಳಬೇಕಲ್ಲ.